ಹಸಿಯೋ, ಹೊಸದೋ

ರಾಯಚೂರು
ಸೋಮವಾರ, ೧೯ ಮಾರ್ಚ್ ೧೯೪೫

ಸೌಭಾಗ್ಯವತಿ ಸೂಗಮ್ಮಗೆ,

ಆಶೀರ್ವಾದಗಳು ಎಂದು ಮೊದಲು ಬರೆಯಬೇಕು. ಕೈ ಬರಲಿಲ್ಲ. ಯಾರನ್ನೂ ಹರಸುವ ಸ್ಥಿತಿಯಲ್ಲಿ ನಿನ್ನ ಗಂಡ ಇಲ್ಲ. ಮಾನ್ವಿಯ ಮೋಟಾರು ಓಡಿಸುವ ಅಬ್ದುಲ್ ವಹೀದ್ ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತಾನೆ. ನಿನ್ನ ಅಣ್ಣನಿಗೆ ಕೊಡದೆ ನೀನೇ ಓದು. ಪೂರ್ತಿ ಓದುವವರೆಗೆ ವಹೀದನನ್ನು ಬಿಡಬೇಡ. ನೀರು ಕೊಡು, ಕೂಡಿಸು.

ನೀನು ಮಾನ್ವಿಯ ತವರಿಗೆ ಹೋಗಿ ಎರಡು ತಿಂಗಳಾಯಿತು. ನಮ್ಮ ಸಾಬೂನಿನ ಕೆಲಸ ನಡೆದಿದೆ. ಅಂದರೆ ಒಲೆ ಇದೆ, ಕಡಾಯಿ ಇದೆ, ನಾನಿದ್ದೇನೆ. ಮೂರನೆಯ ಹದದ ಸಾಬೂನು ಕೊಯ್ದು ಹದಿನಾರು ದಿನವಾಯಿತು. ಬಿಲ್ಲೆಗಳನ್ನು ಹಲಗೆಯ ಮೇಲೆ ಸಾಲಾಗಿ ಒಣಗಿಸಿದ್ದೇನೆ. ನಿನ್ನೆ ಒಂದನ್ನು ನಿನ್ನ ಹಾಗೆ ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದೆ. ಅದು ನಾಲಿಗೆ ಕಚ್ಚಲಿಲ್ಲ.

ಹದಿನೆಂಟು ವರ್ಷ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಗಿಸಿ ಬರೆದುಕೊಂಡವನು ನಾನು. ಯುದ್ಧದಿಂದ ಪೇಟೆಯಲ್ಲಿ ಸಾಬೂನು ಸಿಗದಾದಾಗ ನೌಕರಿ ಬಿಟ್ಟೆ. ಅದನ್ನು ಧೈರ್ಯ ಎಂದು ಕರೆದುಕೊಂಡೆ. ಮೊದಲ ಹದವನ್ನು ನೀನು ನಲವತ್ತು ದಿನ ಯಾರಿಗೂ ಮುಟ್ಟಗೊಡಲಿಲ್ಲ. ಕಾಸ್ಟಿಕ್ ಸೋಡಾದ ಉರಿ ತಾನಾಗಿ ಇಳಿಯಬೇಕು ಎಂದೆ. ಆ ಸಾಬೂನು ಮೂರೇ ದಿನದಲ್ಲಿ ಖಾಲಿಯಾಯಿತು. ಸೋತಿದ್ದರೆ ನಿನ್ನ ಮಾತು ಕೇಳುತ್ತಿದ್ದೆನೇನೋ. ಗೆದ್ದೆ. ಗೆಲುವು ನಿನ್ನ ಆ ನಲವತ್ತು ದಿನದ್ದು ಎಂದು ನನಗೆ ಕಾಣಲಿಲ್ಲ.

ಎರಡನೆಯ ಹದಕ್ಕೆ ಹನ್ನೆರಡು ದಿನವಾಗಿತ್ತು. ದೇವದುರ್ಗದ ಸಂತೆಗೆ ಹೊರಟೆ. ನೀನು ಬಾಗಿಲಲ್ಲಿ ಬಿಲ್ಲೆಯೊಂದನ್ನು ನಾಲಿಗೆಗಿಟ್ಟು ಉಗುಳಿ, "ಇನ್ನಾ ಹಸಿ ಅದ ರೀ" ಎಂದೆ. ನಾನು ನಕ್ಕೆ: "ಹಸಿ ಅಲ್ಲಬೇ, ಹೊಸದು!" ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಸಂತೆಯಲ್ಲಿ ಅದನ್ನೇ ಕೂಗಿದೆ. ಕೈ ಚುರುಗುಟ್ಟುತ್ತದೆ ಎಂದವರಿಗೆ, "ಹೊಸದ್ರಿ, ಅದಕ್ಕ ಜೋರು ಅದ" ಎಂದೆ. ಜನ ನಂಬಿದರು. ಜೋರಿನ ಸಾಬೂನು ಎಂದು ಕೇಳಿ ಕೇಳಿ ಒಯ್ದರು.

ಮೂಕಮ್ಮ ಬಂದದ್ದು ನಿನಗೆ ನೆನಪಿದೆ. ನಾಲ್ಕು ಮನೆಯ ಬಟ್ಟೆ ಒಗೆಯುವ ಹೆಂಗಸು, ಕೆಲಸ ಬಿಟ್ಟು ದೇವದುರ್ಗದಿಂದ ಇಲ್ಲಿಯವರೆಗೆ ಬಂದಿದ್ದಳು. ಎರಡೂ ಅಂಗೈ ನಮ್ಮ ಹಲಗೆಯ ಮೇಲೆ ಚಾಚಿದಳು. ತೊಗಲು ಇರಲಿಲ್ಲ. "ಯಪ್ಪಾ, ನಿನ್ನ ಸಬಕಾರಕ್ಕ ಅರಿವಿ ಬೆಳ್ಳಗಾದ್ವು. ಈಗ ಉಣ್ಣಾಕ ಕೈ ಕೊಡು" ಎಂದಳು. ನಾನೇನು ಮಾಡಿದೆ? ಆ ಕೈಯಲ್ಲಿ ಇನ್ನೊಂದು ಬಿಲ್ಲೆ ಇಟ್ಟೆ, ಪುಕ್ಕಟೆ. ನೀನು ಅದನ್ನು ಕಿತ್ತುಕೊಂಡೆ, ಅವಳ ಕೈಗೆ ಬೆಣ್ಣೆ ಸವರಿದೆ, ತವರಿಗೆ ಸಂಜೆಯ ಮೋಟಾರು ಹತ್ತಿದೆ.

ಆಮೇಲೆ ದೇವದುರ್ಗದಲ್ಲಿ ನಮ್ಮ ಹೆಸರು ಹೋಯಿತು, ರಾಯಚೂರಿನಲ್ಲೂ ಹೋಯಿತು. ಇನ್ನು ಕಾಸ್ಟಿಕ್ಕೂ ಸಿಗುವುದಿಲ್ಲ. ಇದೇ ಕೊನೆಯ ಹದ. ನಂಬುವವನು ಮಾನ್ವಿಯ ಅಂಗಡಿಯ ಪರಮಣ್ಣ ಒಬ್ಬನೇ. ಅವನೂ ಮೊನ್ನೆ, "ಸೋಮವಾರದ ಮೋಟಾರಿಗೆ ಬರಲಿಲ್ಲಂದ್ರ ಬ್ಯಾರೇದವರ ಮಾಲು ಇಡತೀನಿ, ಶರಣಯ್ಯ. ಹಲಗಿಗೆ ಮಂಗಳಾರತಿ ಮಾಡಿಕೋತ ಕುಂದ್ರು" ಎಂದು ನಕ್ಕು ಹೋದ. ನಾನು ಕಾಯುತ್ತೇನೆ. ಇನ್ನೂ ಇಪ್ಪತ್ತನಾಲ್ಕು ದಿನ. ಕಾಯಬಲ್ಲೆ ಎಂದು ನಿನಗೆ ತೋರಿಸಬೇಕೆಂದೇ ಇದನ್ನು ಬರೆದೆ.

ನೀನು ಬಂದರೆ ಒಳ್ಳೆಯದು. ಬಾರದಿದ್ದರೆ ತಪ್ಪು ನಿನ್ನದಲ್ಲ.

ನಿನ್ನ
ಶರಣಯ್ಯ

ಮರೆತ ಮಾತು: ಮರೆತಿರಲಿಲ್ಲ. ಸಾಬೂನನ್ನು ನಾಲಿಗೆಗೆ ಮುಟ್ಟಿಸಿಲ್ಲ. ತುಟಿಯವರೆಗೆ ತಂದೆ, ಕಚ್ಚಿದರೆ ಕಳಿಸಲಾಗುವುದಿಲ್ಲ ಎಂದು ಇಳಿಸಿಬಿಟ್ಟೆ. ಹಲಗೆಗಳು ಬೆಳಿಗ್ಗೆಯೇ ಖಾಲಿಯಾದವು. ಪರಮಣ್ಣನಿಗೆಂದು ತುಂಬಿದ ಇಪ್ಪತ್ತೂ ಪೆಟ್ಟಿಗೆ ಸಾಬೂನು ಈಗ ನಿನ್ನ ಬಾಗಿಲ ಮುಂದೆ ನಿಂತಿರುವ ಮೋಟಾರಿನ ಮೇಲಿವೆ. "ಭಾಭಿ ಓದೂತನ ನಿಲ್ಲತೀನ್ರಿ, ಆದ್ರ ಇಂಜಿನ್ ಬಂದ್ ಮಾಡಂಗಿಲ್ಲ" ಎಂದಿದ್ದಾನೆ ವಹೀದ್. ಮೇಲಿನ ಪೆಟ್ಟಿಗೆಗೆ ಮೊಳೆ ಹೊಡೆದಿಲ್ಲ. ಒಂದು ಬಿಲ್ಲೆ ತೆಗೆದು ನಾಲಿಗೆಗಿಡು. ಕಚ್ಚಿದರೆ ಎಲ್ಲವನ್ನೂ ಅಲ್ಲೇ ಇಳಿಸಿಕೋ. ಪರಮಣ್ಣ ಕೇಳಿದರೆ ಹಸಿ ಎಂದು ಹೇಳು. ಹೊಸದು ಎನ್ನಬೇಡ.