ಗ್ರೌಂಡಿನಲ್ಲಿ ಹನ್ನೆರಡು, ಮನೆಯಲ್ಲಿ ಒಂಬತ್ತು

ಗುರುದೇವಿ,

ಒಂಬತ್ತು ವರ್ಷದ ಮಗುವಿನ ವಯಸ್ಸನ್ನು ಹನ್ನೆರಡು ಎಂದು ಬರೆದು ನೀನು ಅವಳನ್ನು ಐದು ಕಿಲೋಮೀಟರ್ ಸ್ಪರ್ಧೆಗೆ ಇಳಿಸಿದೆ. ಇದು ಮೋಸ. ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ, ಆದರೂ ನಡೆದದ್ದನ್ನು ಬರೆದಿಡುತ್ತೇನೆ.

ನಿನ್ನೆ ಕುಷಾಯಿಗೂಡದಲ್ಲಿ ಗಾರೆ ಕೆಲಸದ ಬಂಡೆಮ್ಮನ ಮನೆಗೆ ಹೋಗಿದ್ದೆ. ಅವಳ ಮಗಳು ಅಂಬಿಕಾ ಹಿಮ್ಮಡಿ ಊರಲಾರದೆ ಗೋಡೆ ಹಿಡಿದುಕೊಂಡು ಬಂದಳು. ಎರಡು ತಿಂಗಳು ಓಡಬಾರದು ಎಂದಿದ್ದಾರಂತೆ ಡಾಕ್ಟರು. ಓಟದ ದಿನ ವಯಸ್ಸು ಎಷ್ಟು ಹೇಳಿದೆ ಎಂದು ಅವಳನ್ನು ಕೇಳಿದೆ.

"ಗ್ರೌಂಡಿನಾಗ ಹನ್ನೆರಡು ಅಕ್ಕಾ, ಮನ್ಯಾಗ ಒಂಬತ್ತು," ಎಂದು ನಕ್ಕಳು.

ನಾನು ಬಂಡೆಮ್ಮನ ಮೇಲೆ ರೇಗಿದೆ. ಅವಳು ಟ್ರಂಕಿನಿಂದ ನಮ್ಮ ಕರಪತ್ರವನ್ನೇ ತೆಗೆದಳು. ಹದಿನಾಲ್ಕು ತುಂಬುವವರೆಗೆ ಮಕ್ಕಳು ಆಡಲಿ, ಪಂದ್ಯ ಬೇಡ ಎಂದು ನೀನೂ ನಾನೂ ಮನೆಮನೆಗೆ ಹಂಚಿದ್ದು.

"ಇದರಾಗ ಏನ್ ಬರದೈತೋ, ನನಗ ಓದಾಕ ಬರಂಗಿಲ್ಲವ್ವ. ಗುರುದೇವಿ ಕೊಟ್ಟಾಳಂತ ಜ್ವಾಪಾನ ಇಟ್ಟೀನಿ. ಆಕಿನೇ ಓಡಸ್ತೀನಂದ್ಲು, ಕಳಿಸಿದೆ."

ಆ ದಿನ ನಾನೂ ಅವಳಿಗೆ ಓದಿ ಹೇಳಿರಲಿಲ್ಲ. ಇನ್ನೂ ಹತ್ತು ಮನೆ ಬಾಕಿ ಇದ್ದವು. ಆದರೆ ಪಂದ್ಯ ಬೇಡ ಎಂಬ ಸಾಲನ್ನು ಬರೆದವಳು ನೀನು. ಓಟದ ಅಕಾಡೆಮಿಯಲ್ಲಿ ಕೋಚ್ ಆಗಿ ಅವರ ಜಾಕೆಟ್ ಹಾಕಿಕೊಂಡ ಮೇಲೆ ಅದು ನಿನಗೂ ಓದಲು ಬರಲಿಲ್ಲವೇ?

ಕರಪತ್ರ ಹಂಚಲು ನಾವು ಸೇರುತ್ತಿದ್ದ ನೀರಿನ ಟ್ಯಾಂಕಿನ ಹತ್ತಿರ ತಾಯಂದಿರನ್ನು ಕರೆದಿದ್ದೇನೆ. ಈ ಸಲ ಹಂಚುವುದಿಲ್ಲ, ಗಟ್ಟಿಯಾಗಿ ಓದುತ್ತೇನೆ. ನಿನ್ನ ಸಾಲನ್ನು ನೀನೇ ಬಂದು ಓದಬೇಕು, ಅಂಬಿಕಾಳ ಮುಂದೆ. ಅದಕ್ಕೇ, ಕಳಿಸುವುದಿಲ್ಲ ಎಂದು ಶುರು ಮಾಡಿದ ಈ ಪತ್ರವನ್ನು ಈಗ ಕಳಿಸುತ್ತಿದ್ದೇನೆ.

ಭಾನುವಾರ, ಬೆಳಿಗ್ಗೆ ಆರೂವರೆ.