ಅಬ್ಬಾ ಹಿಂತಿರುಗಿಸಿದ ಮೊದಲ ತಟ್ಟೆ

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆಯಿಂದ ಒಂದೇ ಚಿಂತೆಯಿತ್ತು. ದಾಸರಹಳ್ಳಿಯ ಮದುವೆಗೆ ಅಬ್ಬಾನದೇ ಬಿರಿಯಾನಿ. ಹಂಡೆಯ ಮುಚ್ಚಳ ತೆಗೆದ ಮೇಲೆ ಮೊದಲ ತಟ್ಟೆ ಅಡುಗೆಯವರಿಗೆ, ಬೇಡ ಎನ್ನುವಂತಿಲ್ಲ. ಅಬ್ಬಾನ ತಮ್ಮ, ನಮ್ಮ ಚಾಚಾ ಕೂಡ ಅಡುಗೆಗೆ ಹೋದಲ್ಲೆಲ್ಲ ಹಾಗೇ ತಿನ್ನುತ್ತಿದ್ದರು. ಐವತ್ತು ತುಂಬುವ ಮೊದಲೇ ಹಂಡೆಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಹೋದರು. ಅಬ್ಬಾನಿಗೂ ಬಿಪಿ. ಅದು ಸ್ವಲ್ಪ ಇಳಿದರೆ ಸಾಕು, ಜ್ವರ ಬಿಟ್ಟವರ ಹಾಗೆ ಮಾತ್ರೆ ನಿಲ್ಲಿಸಿಬಿಡುತ್ತಿದ್ದರು. ಅದಕ್ಕಾಗಿ ಎಷ್ಟು ಜಗಳವಾಡಿದ್ದೇನೆ!

ಇವತ್ತು ಮದುವೆ ಹುಡುಗಿಯ ತಂದೆಯೇ ಮಜ್ಜೆ ತುಂಬಿದ ನಲ್ಲಿಮೂಳೆ ಇಟ್ಟು ತಟ್ಟೆ ತಂದರು. ಅಬ್ಬಾ ಒಂದೇ ತುತ್ತು ತಿಂದು, ಉಪ್ಪು ಸರಿಯಿದೆ ಎಂದು ತಲೆಯಾಡಿಸಿ, ತಟ್ಟೆಯನ್ನು ಅವರ ಕೈಗೇ ಕೊಟ್ಟರು. ಆಮೇಲೆ ನಾನು ಕಟ್ಟಿಕೊಟ್ಟ ಡಬ್ಬಿ ತೆರೆದರು. ರೊಟ್ಟಿ, ಸೊಪ್ಪಿನ ಪಲ್ಯ, ಸೌತೆಕಾಯಿ.

ಒಲೆ ನೋಡಿಕೊಳ್ಳುವ ಪಂಚಪ್ಪಣ್ಣ ನಕ್ಕರು. "ಏನ್ ಮಾಸ್ಟರ್, ನಿಮ್ ಬಿರಿಯಾನಿ ಮೇಲೆ ನಿಮ್ಗೇ ನಂಬಿಕೆ ಇಲ್ವಾ?"

"ಬಿರಿಯಾನಿ ಮೇಲಿದೆ ಕಣೋ, ನನ್ ಹಾರ್ಟ್ ಮೇಲಿಲ್ಲ. ನೀನ್ ಬಿಪಿ ನೋಡಿಸ್ಕೊಂಡು ಎಷ್ಟ್ ದಿನ ಆಯ್ತು?"

ಪಂಚಪ್ಪಣ್ಣನ ನಗು ಅಲ್ಲಿಗೇ ನಿಂತಿತು. ನನಗೆ ಮಾತ್ರ ಎಲ್ಲರಿಗೂ ಕೇಳುವಂತೆ "ನಮ್ಮ ಅಬ್ಬಾ!" ಎಂದು ಕೂಗಬೇಕೆನಿಸಿತು.

ಮಾತ್ರೆ ಕೊಡಲು ಹೋದರೆ ಬೆಳಿಗ್ಗೆಯೇ ನುಂಗಿದ್ದಾರಂತೆ, ನಾನು ಏಳುವ ಮೊದಲೇ.

ಇನ್ನು ನಾನು ಜಗಳವಾಡುವುದಾದರೂ ಯಾತಕ್ಕೆ?