ಗಿಡ್ಡ ಪೈಪು

ನವೆಂಬರ್ 11

ಮತ್ತೆ ಉಪ್ಪಿಟ್ಟು. ಮೊದಲ ಪೀರಿಯಡ್ ಡ್ರಾಯಿಂಗ್. ಶೀಟ್ ಮುಗಿದಿಲ್ಲ. ಪೆನ್ಸಿಲ್ ಮಾತ್ರ ಮತ್ತೆ ಮತ್ತೆ ಚೂಪು ಮಾಡಿದೆ. ಎಳೆದದ್ದು ಒಂದು ಗೆರೆ.

ಸಂಜೆ ವರ್ಕ್‌ಶಾಪ್. ರೇಸ್ ಕ್ಲಬ್ಬಿಗೆ ಸೇರಿದ ಫಸ್ಟ್ ಇಯರ್‌ನವರನ್ನೆಲ್ಲ ಮೆಸ್ಸಿನ ಅಕ್ಕಿ ತೂಗುವ ತಕ್ಕಡಿ ಹತ್ತಿಸಿದರು. ಕ್ವಾಡ್ ಬೈಕಿಗೆ ಹಗುರವಾದ ರೈಡರ್ ಬೇಕಂತೆ. ನಾಲ್ಕು ಚಕ್ರದ ಬೈಕು, ಹಳೆಯ ಟು-ಸ್ಟ್ರೋಕ್ ಎಂಜಿನ್, ಸೀನಿಯರ್‌ಗಳೇ ವೆಲ್ಡಿಂಗ್ ಮಾಡಿದ ಫ್ರೇಮ್. ಜನವರಿಯಲ್ಲಿ ವಿಜಯವಾಡದಲ್ಲಿ ಡ್ರ್ಯಾಗ್ ರೇಸ್. ನೇರ ರಸ್ತೆ, ಇನ್ನೂರು ಮೀಟರ್, ಮೊದಲು ಮುಟ್ಟಿದವರದು ಕಪ್.

ಹೈಮಾವತಿ ಹತ್ತಿದಳು. ತಕ್ಕಡಿ ಅಲುಗಲೇ ಇಲ್ಲ ಎಂದು ಎಲ್ಲರೂ ನಕ್ಕರು. ಕ್ಯಾಪ್ಟನ್ ತೇಜ ಅಣ್ಣ, ಥರ್ಡ್ ಇಯರ್, "ಅಕ್ಕಿ ಮೂಟೆಗಿಂತ ಕಡಿಮೆ. ಇವಳೇ ನಮ್ಮ ರೈಡರ್" ಎಂದ.

ಹೈಮಾ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ನನಗೆ ಹೊಟ್ಟೆಯಲ್ಲಿ ಕಲ್ಲು.

ಆರನೇ ಕ್ಲಾಸಿನಿಂದ ಅವಳು ಮೇಲಿನ ಬಂಕ್, ನಾನು ಕೆಳಗಿನದು. ಆಗ ವಿಜಯವಾಡದ ಸ್ಕೂಲ್ ಹಾಸ್ಟೆಲ್, ಈಗ ವೈಜಾಗ್, ಪೆಂದುರ್ತಿಯ ಈ ಎಂಜಿನಿಯರಿಂಗ್ ಕಾಲೇಜ್ ಹಾಸ್ಟೆಲ್. ಬಂಕ್ ಬದಲಾಗಿಲ್ಲ.

ನವೆಂಬರ್ 19

ನನಗೂ ಕೆಲಸ ಬಂತು. ಸೈಲೆನ್ಸರ್ ಪೈಪ್ ಆರಿಸುವುದು.

ತೇಜ ಅಣ್ಣ ನನ್ನನ್ನು ತೋರಿಸಿ ಹೇಳಿದ್ದು: "ಡೌಟ್ ಮೇಡಂ ಎಲ್ಲದಕ್ಕೂ ಡೌಟ್ ಕೇಳ್ತಾಳೆ ಕದಾ. ಪೈಪ್ ಬಗ್ಗೆ ಕೇಳ್ಕೊಂಡು ಕೂತ್ಕೊಳ್ಳಲಿ." ಅಂದರೆ ತಲೆ ತಿನ್ನಬೇಡ ಎಂದು. ಆದರೂ ಖುಷಿ ಆಯಿತು. ಫಸ್ಟ್ ಇಯರ್‌ಗೆ ಯಾರು ಇಂಥದ್ದು ಕೊಡುತ್ತಾರೆ?

ಸ್ಕೂಲಿನಲ್ಲಿ ಡೌಟ್ ಕೇಳಿದರೆ ಒಂದೇ ಉತ್ತರ. ಡೌಟ್ಸ್ ಕ್ಲಾಸ್ ಆದಮೇಲೆ. ಕ್ಲಾಸ್ ಆದಮೇಲೆ ಹೋದರೆ ಎಕ್ಸ್‌ಟ್ರಾ ಸ್ಟಡಿ ಅವರ್, ಕೇಳಿದವಳಿಗಷ್ಟೇ ಅಲ್ಲ, ರೂಮಿಗೆಲ್ಲ. ಹಾಗಾಗಿ ಕೈ ಎತ್ತುವವಳ ಕೈಯನ್ನು ಪಕ್ಕದವರೇ ಇಳಿಸುತ್ತಿದ್ದರು. ಹೈಮಾ ಒಂದು ಉಪಾಯ ಮಾಡಿದ್ದಳು — "ಡೌಟ್ ಬಂದ್ರೆ ನನ್ನ ಕಾಲು ಚಿವುಟು. ಸರ್‌ಗೆ ಮಾತ್ರ ಕೇಳ್ಬೇಡ." ಏಳು ವರ್ಷ ಅವಳ ತೊಡೆ ತುಂಬ ನನ್ನ ಡೌಟುಗಳು.

ಪೈಪಿನ ವಿಷಯ. ಟು-ಸ್ಟ್ರೋಕಿಗೆ ಅದು ಬರೀ ಹೊಗೆಯ ದಾರಿ ಅಲ್ಲ. ನಡುವೆ ಹೊಟ್ಟೆ ಉಬ್ಬಿರುತ್ತದೆ. ಆಚೆ ಹೊರಟ ಒತ್ತಡ ಅಲ್ಲಿ ಬಡಿದು ವಾಪಸ್ ಬಂದು, ತಪ್ಪಿಸಿಕೊಂಡು ಹೋಗುತ್ತಿರುವ ಹೊಸ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ಪೈಪ್ ಉದ್ದ ಇದ್ದರೆ ಕಡಿಮೆ ಸ್ಪೀಡಿನಿಂದಲೇ ಎಳೆತ. ಗಿಡ್ಡ ಇದ್ದರೆ ಮೊದಲು ಏನೂ ಇಲ್ಲ, ಎಂಜಿನ್ ಕಿರುಚುವ ಹೊತ್ತಿಗೆ ಒಮ್ಮೆಲೇ ಒದೆತ.

ನಾನು ಉದ್ದದ್ದನ್ನು ಆರಿಸಿದೆ. ತೇಜ ಅಣ್ಣ ನಗಲೂ ಇಲ್ಲ. "ನೀನು ಪೈಪ್ ಆರಿಸ್ತಿರೋದು ರೇಸಿಗೋ, ಹಾಲು ತರೋಕೋ?"

ಗಿಡ್ಡದ್ದು ಕೊಯಮತ್ತೂರಿನಿಂದ ತರಿಸಬೇಕಂತೆ. ಎರಡೂ ಹಾಕಿ ಓಡಿಸಿ ನೋಡುವುದು.

ನವೆಂಬರ್ 22

ಅಮ್ಮನ ಫೋನ್. ರೇಸಿನ ಸುದ್ದಿ ಹೇಳಿ, ಭಯ ಆಗ್ತಿದೆ ಅಂದೆ.

"ನೀನು ಓಡಿಸ್ತೀಯೇನು?"

"ಇಲ್ಲಮ್ಮ. ಹೈಮಾ."

"ಮತ್ತೆ ನಿನಗ್ಯಾಕ ಭಯ? ಕೆಲ್ಸದಾಕಿ ಒಂದಿನ ಬರ್ಲಿಲ್ಲಂದ್ರೂ ಏನಾಯ್ತೋ ಏನೋ ಅಂತ ಅಳ್ತಿದ್ದಿ ನೀನು. ಎಲ್ಲಾದಕ್ಕೂ ಹೆದರ್ಕಂಡು ಕುಂತ್ರೆ ಆಗ್ತದೇನು?"

ನಿಜ. ನನ್ನ ಭಯಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳು. ಕೌನ್ಸೆಲರ್ ಮೇಡಂ ಕೂಡ ಅದನ್ನೇ ಹೇಳಿದ್ದು. ಭಯ ಬಂದಾಗ "ಇದು ನನ್ನ ಆಂಗ್ಸೈಟಿ, ಇದು ನಿಜ ಅಲ್ಲ" ಅಂತ ಮನಸ್ಸಲ್ಲೇ ಹೇಳಿಕೋ ಅಂದಿದ್ದರು. ಹೇಳಿಕೊಳ್ಳುತ್ತೇನೆ. ದಿನಾ.

ಡಿಸೆಂಬರ್ 6

ದ್ವಾರಕಾ ನಗರದ ಪಾರ್ಸೆಲ್ ಆಫೀಸಿಗೆ ಹೋಗಿ ಗಿಡ್ಡ ಪೈಪ್ ತಂದೆವು, ಹೈಮಾ ಮತ್ತು ನಾನು. ಹರಿದ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆವು. ಒಂದು ಕಡೆ ಸಪೂರ, ನಡುವೆ ದಪ್ಪ. ಕಂಡಕ್ಟರ್ ನಿಂತು ನೋಡಿದ.

"ಏನಮ್ಮಾ, ವೀಣೆಯಾ?"

"ಹೌದು ಬಾಬಾಯ್" ಎಂದಳು ಹೈಮಾ. "ರೇಡಿಯೋ ಸ್ಟೇಷನ್‌ಗೆ ಹೊರಟಿದ್ದೀವಿ."

"ನುಡಿಸು ಹಾಗಾದ್ರೆ. ಲಗೇಜ್ ಟಿಕೆಟ್ ಮಾಫಿ."

"ಇದನ್ನ ನುಡಿಸಿದ್ರೆ ನಿಮ್ಮ ಬಸ್ಸಿನ ಗಾಜು ಉಳಿಯಲ್ಲ."

ಬಸ್ಸೆಲ್ಲ ನಕ್ಕಿತು. ನಾನೂ. ಆಮೇಲೆ ಅವಳು ಈ ಡೈರಿ ಕಸಿದುಕೊಂಡು ವಾರ್ತೆ ಓದುವವಳ ಹಾಗೆ ಗಟ್ಟಿಯಾಗಿ ಓದಿದಳು. ತೆಲುಗು ಅಕ್ಷರ ಬಂದವರಿಗೆ ಕನ್ನಡ ಅಕ್ಷರ ಕಷ್ಟವಲ್ಲ. ಅರ್ಥ ಮಾತ್ರ ಆಗುವುದಿಲ್ಲ. "ಹೊಟ್ಟೆಯಲ್ಲಿ ಕಲ್ಲು" ಅಂತ ಓದಿ, "ಕಲ್ಲು ಅಂದ್ರೆ ನಮ್ಮ ತೆಲುಗಲ್ಲಿ ಹೆಂಡ, ಇಂಚೂ, ಯಾವಾಗ ಕುಡಿದೆ?" ಅಂದಳು.

ಡಿಸೆಂಬರ್ 9

ಕಾಲೇಜ್ ಹಿಂದಿನ ಖಾಲಿ ಲೇಔಟ್ ರಸ್ತೆ. ಮಧ್ಯಾಹ್ನ. ಉರಿ ಬಿಸಿಲು.

ಉದ್ದ ಪೈಪಿನಲ್ಲಿ ಹೈಮಾ ಆರಾಮಾಗಿ ಹೋದಳು. ಗಿಡ್ಡದರಲ್ಲಿ — ಮೊದಲು ಕೆಮ್ಮಿತು, ಆಮೇಲೆ ಆ ಶಬ್ದ. ನಾಯಿಗಳೆಲ್ಲ ಓಡಿದವು. ಸ್ಟಾಪ್‌ವಾಚ್ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು ನನ್ನ ಕೆಲಸ. ಅದರ ತುದಿ ಫಿಲ್ಟರ್ ಕಾಫಿ ಬಣ್ಣ ಇದ್ದರೆ ಎಂಜಿನ್ ಕ್ಷೇಮ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಒಳಗೆ ಕಾಯುತ್ತಿದೆ. ಕಾದರೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗಲೇ ಹಿಂದಿನ ಎರಡೂ ಚಕ್ರ ಲಾಕ್. ಆಗ ಉಳಿಯಲು ಒಂದೇ ದಾರಿ, ಆ ಕ್ಷಣ ಕ್ಲಚ್ ಹಿಡಿಯುವುದು. ಜೋರು ಸ್ಪೀಡಿನಲ್ಲಿ ಹಿಡಿದರೂ ಕೆಲವೊಮ್ಮೆ ತಡವೇ.

ಬೆಳ್ಳಗಿತ್ತು. ಗಿಡ್ಡ ಪೈಪಿಗೆ ಪೆಟ್ರೋಲ್ ಜಾಸ್ತಿ ಬೇಕು. ಕಾರ್ಬ್ಯುರೇಟರಿನ ಜೆಟ್, ಪೆಟ್ರೋಲ್ ಬಿಡುವ ಆ ಪುಟ್ಟ ತೂತಿನ ಹಿತ್ತಾಳೆ ತುಂಡು, ದೊಡ್ಡದು ಹಾಕಿಸಿದೆ. ಇನ್ನೂ ದೊಡ್ಡದು. ಮೂರನೆಯದಕ್ಕೆ ಕಾಫಿ ಬಣ್ಣ ಬಂತು. ಸೀನಿಯರ್‌ಗಳು ಎಲ್ಲರ ಕೈಗೂ ಪ್ಲಗ್ ಕೊಟ್ಟು ತೋರಿಸಿದರು. ತೇಜ ಅಣ್ಣ "ಪರವಾಲೇದು" ಅಂದ. ಅವನ ಬಾಯಲ್ಲಿ ಅದು ಮೆಡಲ್.

"ಈಗ ಹೇಳು. ಯಾವುದು?"

"ಗಿಡ್ಡದ್ದು" ಎಂದೆ. ನಾನೇ ಎಂದೆ.

ಹೈಮಾಗೆ ಒಂದೇ ಮಾತು ಹೇಳಿದ್ದೇನೆ. ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲೆ. ಯಾವಾಗಲೂ. ಅವಳು ಈಗ ಊಟಕ್ಕೆ ಕೂತಾಗಲೂ ಎರಡು ಬೆರಳು ತಟ್ಟೆಯ ಅಂಚಿಗೆ ಇಟ್ಟು ನನ್ನನ್ನು ಅಣಕಿಸುತ್ತಾಳೆ.

ಜನವರಿ 8, ವಿಜಯವಾಡ

ಪಟಮಟದ ಹೈಮಾ ಮನೆ. ಟೀಮಿನ ಹುಡುಗರು ಲಾಡ್ಜಿನಲ್ಲಿ, ನಾವಿಬ್ಬರು ಇಲ್ಲಿ. ಅವಳ ಅಮ್ಮ ರಾಜ್ಯಲಕ್ಷ್ಮಿ ಆಂಟಿ ಸ್ಕೂಲ್ ಟೀಚರ್. ಗೋಂಗೂರ ಪಚ್ಚಡಿ, ಬಿಸಿ ಅನ್ನ. ಬೇಡ ಬೇಡ ಅಂದರೂ ತುಪ್ಪ ಸುರಿದರು.

"ಇವಳಿಗೆ ಬುದ್ಧಿ ಇಲ್ಲ, ನಿನಗೆ ಭಯ ಇದೆ" ಅಂದರು ನನಗೆ. "ಅದಕ್ಕೇ ನೀನು ಜೊತೆಗಿದ್ದರೆ ನನಗೆ ನೆಮ್ಮದಿ ತಲ್ಲೀ."

ಜನವರಿ 9, ಬೆಳಿಗ್ಗೆ 7.30

ಊರಾಚೆಯ ಹೊಸ ರಸ್ತೆ, ಇನ್ನೂ ವಾಹನ ಬಿಟ್ಟಿಲ್ಲ. ಮಂಜು. ಸ್ವೆಟರ್ ಒಳಗೂ ಚಳಿ. ತಣ್ಣನೆ ಗಾಳಿ ದಟ್ಟ, ಅದಕ್ಕೆ ಪೆಟ್ರೋಲ್ ಇನ್ನೂ ಜಾಸ್ತಿ ಬೇಕು. ನಾವು ಜೆಟ್ ಹೊಂದಿಸಿದ್ದು ಮಧ್ಯಾಹ್ನದ ಬಿಸಿಲಿಗೆ.

ಸ್ಟಾರ್ಟಿನಲ್ಲಿ ಗಾಡಿ ಕೆಮ್ಮುತ್ತಿದೆ. ತೇಜ ಅಣ್ಣ: "ಪೆಟ್ರೋಲ್ ಜಾಸ್ತಿಯಾಗಿ ಉಸಿರು ಕಟ್ತಿದೆ. ಚಿಕ್ಕ ಜೆಟ್ ಹಾಕಿ." ಗಿಡ್ಡ ಪೈಪ್ ಮೊದಲು ಕೆಮ್ಮುವುದೇ ಹಾಗೆ, ಜೆಟ್ಟಿನಿಂದಲ್ಲ. ಹೇಳಬೇಕು. ಹೇಳುತ್ತೇನೆ.

9.10

ಹೇಳಲಿಲ್ಲ. ಚಿಕ್ಕ ಜೆಟ್ ಹಾಕಿದರು. ಮೊದಲ ಓಟದಲ್ಲಿ ನಾವೇ ಫಸ್ಟ್. ಎಲ್ಲರೂ ಹೈಮಾಳನ್ನು ಎತ್ತಿ ಕುಣಿದರು.

ಪ್ಲಗ್ ಬಿಚ್ಚಿದೆ. ಸೀಮೆಸುಣ್ಣದ ಬಿಳಿ. ಮೇಲೆ ಸಣ್ಣ ಸಣ್ಣ ಚುಕ್ಕೆ, ಬೆಳ್ಳಿ ಉದುರಿದ ಹಾಗೆ. ಪಿಸ್ಟನ್ ಕರಗಲು ಶುರುವಾದರೆ ಹೀಗೆ ಅಂತ ಓದಿದ್ದೆ.

"ಅಣ್ಣಾ, ಒಂದು ಡೌಟ್."

"ಡೌಟ್ಸ್ ಕ್ಲಾಸ್ ಆದಮೇಲೆ" ಎಂದ. ಅವನೂ ಅಂಥದ್ದೇ ಸ್ಕೂಲಿನವನು. ಎಲ್ಲರೂ ನಕ್ಕರು. ನನಗೂ ನಗು ಬಂತು, ಅದೇ ಅಸಹ್ಯ. ಏಳು ವರ್ಷದ ಅಭ್ಯಾಸ, ಕೈ ತಾನಾಗಿ ಇಳಿಯಿತು.

ಬೇರೆ ಪ್ಲಗ್ ಹಾಕಿದೆ. ಬಿಳಿಯದು ಜೇಬಿನಲ್ಲಿದೆ.

ಇದು ನನ್ನ ಆಂಗ್ಸೈಟಿ. ಇದು ನಿಜ ಅಲ್ಲ. ಇದು ನನ್ನ ಆಂಗ್ಸೈಟಿ.

ಹೈಮಾ ಹತ್ತಿರ ಹೋಗಿ ಎರಡು ಬೆರಳು ತೋರಿಸಿದೆ. ಹೆಲ್ಮೆಟ್ಟಿನೊಳಗಿಂದ "ಇಟ್ಟೇ ಇರ್ತೀನಿ ಕಣೇ ಅಜ್ಜಿ" ಅಂದಳು. ಪ್ಲಗ್ಗಿನ ವಿಷಯ ಹೇಳಲಿಲ್ಲ. ಹೇಳಿದರೆ ಅವಳಿಗೂ ಭಯ ಆಗುತ್ತದೆ. ಅವಳ ಕಾಲು ಪಕ್ಕದಲ್ಲೇ ಇತ್ತು. ಚಿವುಟಲೂ ಇಲ್ಲ.

ಫೈನಲ್‌ಗೆ ಕರೆಯುತ್ತಿದ್ದಾರೆ.

ಜನವರಿ 17

ಬರೆಯಲು ಆಗಿರಲಿಲ್ಲ. ಹಬ್ಬ ಬಂತಂತೆ, ಹೋಯಿತಂತೆ.

ಶಬ್ದ ನಿಂತಿತು. ಅಷ್ಟೇ ಗೊತ್ತಾದದ್ದು. ಆ ಕಿರುಚಾಟ ಕತ್ತರಿಸಿದ ಹಾಗೆ ನಿಂತಿತು, ಹಿಂದಿನ ಚಕ್ರಗಳು ಎಳೆದುಕೊಂಡು ಹೋದವು, ಗಾಡಿ ಅಡ್ಡ ತಿರುಗಿ ಅವಳ ಮೇಲೆ ಉರುಳಿತು. ನಾನು ಓಡಲಿಲ್ಲ. ಎಲ್ಲರೂ ಓಡಿದರು. ನಾನು ಜೇಬಿನೊಳಗೆ ಪ್ಲಗ್ ಹಿಡಿದುಕೊಂಡು ನಿಂತಿದ್ದೆ.

ಬೆನ್ನುಮೂಳೆ. ಆಪರೇಷನ್ ಆಗಿದೆ. ಡಾಕ್ಟರು ಸೊಂಟದಿಂದ ಕೆಳಗಿನದನ್ನು "ಕಾದು ನೋಡೋಣ" ಅಂತಾರೆ.

ಜನವರಿ 20, ವೈಜಾಗ್

ಕಾಲೇಜಿನಲ್ಲಿ ಎನ್‌ಕ್ವೈರಿ. ತೇಜ ಅಣ್ಣ ಟೀಮನ್ನು ವರ್ಕ್‌ಶಾಪಿಗೆ ಕರೆದ. ಕಣ್ಣು ಕೆಂಪಗಿತ್ತು, ಮುಖ ಇಳಿದಿತ್ತು. ಅವನೂ ನಿದ್ದೆ ಮಾಡಿಲ್ಲ.

"ಎಂಜಿನ್ ಯಾಕೆ ಕಚ್ಚಿಕೊಂಡಿತು ಅನ್ನೋದು ಯಾರಿಗೂ ಗೊತ್ತಿಲ್ಲ. ಟು-ಸ್ಟ್ರೋಕು, ಆಗುತ್ತೆ. ರೈಡರ್ ಕ್ಲಚ್ ಹಿಡಿಬೇಕಿತ್ತು. ಹಿಡಿಲಿಲ್ಲ. ಅಷ್ಟೇ ಹೇಳಿ. ಜೆಟ್ ವಿಷಯ ಬೇಡ." ನನ್ನ ಕಡೆ ತಿರುಗಿ: "ಪೈಪ್ ಆರಿಸಿದ್ದು ನೀನು. ನೆನಪಿರಲಿ ಅಮ್ಮಾ." ಬೆದರಿಸುವ ಧ್ವನಿಯಲ್ಲಿ ಅಲ್ಲ. ಬೇಡಿಕೊಳ್ಳುವ ಧ್ವನಿಯಲ್ಲಿ.

ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಅತ್ತಳು. ಅಪ್ಪ ಫೋನ್ ತಗೊಂಡ.

"ನಮ್ಮ ಪ್ಲಾಂಟಿನಾಗೂ ಇಂಥಾ ಎನ್‌ಕ್ವೈರಿ ಬಾಳ ನೋಡೀನಿ. ಮೊದ್ಲು ಬಾಯಿ ತೆಗೆದೋರ ಮ್ಯಾಲೇ ಬರ್ತದ. ನೀನು ಫಸ್ಟ್ ಇಯರ್. ಸುಮ್ನಿರು."

"ಅಪ್ಪಾ, ಹೈಮಾ ಹೆಸರು ಬರೀತಾರೆ."

"ಊಟ ಮಾಡು" ಎಂದ.

ಜನವರಿ 23, ವಿಜಯವಾಡ

ಬೆಳಿಗ್ಗೆ ಟ್ರೈನಿನಲ್ಲಿ ಬಂದೆ. ಹೈಮಾಳನ್ನು ವಾರ್ಡಿಗೆ ತಂದಿದ್ದಾರೆ. ಆಂಟಿ ಸ್ಟೂಲ್ ಎಳೆದುಕೊಟ್ಟು ನೀರು ತರಲು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹೈಮಾಳ ಕೂದಲು ಕತ್ತರಿಸಿದ್ದಾರೆ. ಇನ್ನೂ ಚಿಕ್ಕವಳ ಹಾಗೆ ಕಾಣುತ್ತಾಳೆ.

"ತೇಜ ಅಣ್ಣ ಫೋನ್ ಮಾಡಿದ್ದ" ಎಂದಳು. "ನಾನು ಕ್ಲಚ್ ಹಿಡಿಲಿಲ್ವಂತೆ. ನನಗೆ ಏನೂ ನೆನಪಿಲ್ಲ ಇಂಚೂ. ಮಂಜು ನೆನಪಿದೆ, ನೀನು ಬೆರಳು ತೋರಿಸಿದ್ದು ನೆನಪಿದೆ. ಆಮೇಲೆ ಇಲ್ಲ. ಅಷ್ಟು ಸಲ ಹೇಳಿದ್ದೆ ನೀನು. ಆದರೂ ಮರೆತೆನಾ? ಅಮ್ಮಂಗೆ ಹೇಳ್ಬಿಟ್ಟೆ, ನಂದೇ ತಪ್ಪು ಅಂತ."

ಹಳೆಯ ಅಭ್ಯಾಸ, ಹೊದಿಕೆಯ ಕೆಳಗೆ ಕೈ ಹಾಕಿ ಅವಳ ತೊಡೆ ಚಿವುಟಿದೆ. ಜೋರಾಗಿ.

ಅವಳು ಮಾತಾಡುತ್ತಲೇ ಇದ್ದಳು. ಆಸ್ಪತ್ರೆಯ ಇಡ್ಲಿ ಬಗ್ಗೆ ಏನೋ ಹೇಳುತ್ತಿದ್ದಳು.

ಕೈ ತೆಗೆದೆ. ಎಲ್ಲಿ ನೋಡುವುದೋ ತಿಳಿಯದೆ ಅವಳ ಎಡಗೈ ನೋಡಿದೆ. ಎದೆಯ ಮೇಲೆ ಇತ್ತು. ಹೆಬ್ಬೆರಳು ಸರಿಯಾಗಿದೆ. ಉಂಗುರ ಬೆರಳು, ಕಿರುಬೆರಳು ಸರಿಯಾಗಿವೆ. ನಡುವಿನ ಎರಡಕ್ಕೆ ಮಾತ್ರ ಪ್ಲಾಸ್ಟರ್. ತೋರುಬೆರಳು, ನಡುಬೆರಳು.

"ಇದು ಹೇಗಾಯ್ತು?" ಎಂದೆ.

"ಗೊತ್ತಿಲ್ಲ. ಗಾಡಿ ಬಿದ್ದಾಗ ಹ್ಯಾಂಡಲ್ಲಿಗೂ ಲಿವರಿಗೂ ನಡುವೆ ಸಿಕ್ಕಿ ಮುರಿದಿವೆ ಅಂದರು. ಅಷ್ಟೊಂದು ಮುರಿದಿರೋವಾಗ ಎರಡು ಬೆರಳು ಯಾವ ಲೆಕ್ಕ."

ಜನವರಿ 27, 10.50

ಪ್ರಿನ್ಸಿಪಾಲ್ ರೂಮಿನ ಹೊರಗಿನ ಬೆಂಚು. ತೇಜ ಅಣ್ಣ ಒಳಗೆ ಹೋಗಿ ಬಂದ. ನನ್ನ ಮುಂದೆ ನಿಂತ, ಹೋದ. ಮುಂದಿನದು ನಾನು.

ಭಯ ಆಗುತ್ತಿದೆ. ಇದು ನನ್ನ ಆಂಗ್ಸೈಟಿ ಎಂದು ಇವತ್ತು ಹೇಳಿಕೊಳ್ಳುತ್ತಿಲ್ಲ. ಭಯ ಭಯವಾಗಿಯೇ ಇರಲಿ.

ಎಡ ಜೇಬಿನಲ್ಲಿ ಬಿಳಿ ಪ್ಲಗ್. ಫೋನಿನಲ್ಲಿ, ಆಸ್ಪತ್ರೆಯಲ್ಲಿ ತೆಗೆದ ಹೈಮಾಳ ಕೈಯ ಫೋಟೋ. ಒಳಗೆ ಹೋದ ತಕ್ಷಣ, ಅವರು ಕೂರು ಅನ್ನುವ ಮೊದಲೇ ಹೇಳಬೇಕು. ಪೈಪ್ ಆರಿಸಿದವಳು ನಾನು, ಜೆಟ್ ಬದಲಾಯಿಸಿದ್ದನ್ನು ಕಂಡವಳು ನಾನು, ಪ್ಲಗ್ ನೋಡಿ ಸುಮ್ಮನಾದವಳು ನಾನು. ಅವಳ ಬೆರಳು ಕ್ಲಚ್ಚಿನ ಮೇಲೆಯೇ

ಕರೆದರು.